ಒಣಗಿಸಿಟ್ಟ ಅನ್ನ

ಭದ್ರಾವತಿಯಲ್ಲಿ ಬಿಸಿಲಿಗೇನೂ ಕೊರತೆಯಿರಲಿಲ್ಲ. ಆದರೆ ಆ ಬಿಸಿಲಿನಲ್ಲಿ ತಿನ್ನುವಂಥದ್ದೇನನ್ನೂ ಒಣಹಾಕುವಂತಿರಲಿಲ್ಲ. ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ನಿಂತರೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಬೆಳಿಗ್ಗೆ ತಂತಿಯ ಮೇಲೆ ಹರವಿದ ಬಿಳಿ ಪಂಚೆ ಮಧ್ಯಾಹ್ನದ ಹೊತ್ತಿಗೆ ಮಾಸಿರುತ್ತಿತ್ತು. ಅಮ್ಮ ಎದ್ದ ಕೂಡಲೇ ಕಿಟಕಿಯ ಕಟ್ಟೆಯನ್ನು ಬೆರಳಿನಿಂದ ಒರೆಸಿ ನೋಡಿ ಗಾಳಿ ಯಾವ ಕಡೆಗಿದೆ ಎಂದು ಹೇಳಿಬಿಡುತ್ತಿದ್ದಳು. ಹಾಗಾಗಿ ನಮ್ಮ ಮನೆಯ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಶಿವಮೊಗ್ಗದಲ್ಲಿ ಒಣಗಿ ಬಸ್ಸಿನಲ್ಲಿ ಭದ್ರಾವತಿಗೆ ಬರುತ್ತಿದ್ದವು. ಅಲ್ಲಿ ಆಲ್ಕೊಳದಲ್ಲಿ ಅಪ್ಪನ ತಂಗಿ ಶಾರದತ್ತೆಯ ಮನೆ. ಅತ್ತೆ ಶಾಲೆಯಲ್ಲಿ ಟೀಚರ್. ಅವಳ ತಾರಸಿಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುತ್ತಿತ್ತು, ಮಸಿ ಬೀಳುತ್ತಿರಲಿಲ್ಲ. ಭಾನುವಾರ ಬಂತೆಂದರೆ ಅಮ್ಮ ಮತ್ತು ನಾನು ಖಾಲಿ ಡಬ್ಬಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆವು. ಗುರುತಿನ ಕಂಡಕ್ಟರ್ ಒಬ್ಬ ನಮ್ಮನ್ನು ಕಂಡಾಗಲೆಲ್ಲ ತಮಾಷೆ ಮಾಡುತ್ತಿದ್ದ.

"ಏನಮ್ಮ, ಬಿಸಿಲು ತರಕ್ಕೆ ಹೊರಟ್ರಾ?"

ಅಪ್ಪನಿಗೆ ಬೆಟ್ಟದ ಹುಚ್ಚು. ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿದ್ದ ಅವನು ವರ್ಷವಿಡೀ ಶಿಫ್ಟು ದುಡಿದು, ಡಿಸೆಂಬರಿನಲ್ಲಿ ರಜೆ ಹಾಕಿ, ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಕೊಡಚಾದ್ರಿಯ ಸುತ್ತಿನ ಕಾಡುಗಳಲ್ಲಿ ವಾರಗಟ್ಟಲೆ ನಡೆಯುತ್ತಿದ್ದ. ಬೆನ್ನಿಗೆ ಹೊತ್ತದ್ದಷ್ಟೇ ಸಾಮಾನು. ಮೊದಮೊದಲು ಬ್ರೆಡ್ಡು, ಚಕ್ಕುಲಿ ಒಯ್ದು ಹೊಟ್ಟೆ ಕೆಡಿಸಿಕೊಂಡು ಬಂದರು. ಅಕ್ಕಿ ಬೇಳೆ ಹೊತ್ತುಕೊಂಡು ಹೋದ ವರ್ಷ ಅವು ಬೇಯುವಷ್ಟರಲ್ಲಿ ಸೀಮೆಎಣ್ಣೆಯೇ ಮುಗಿಯಿತಂತೆ. ಆಮೇಲೆ ಅಪ್ಪನಿಗೆ ಹೊಸ ಉಪಾಯ ಹೊಳೆಯಿತು. ಎಲ್ಲವನ್ನೂ ಮನೆಯಲ್ಲೇ ಬೇಯಿಸಿ, ಒಣಗಿಸಿ, ಪೊಟ್ಟಣ ಕಟ್ಟಿಕೊಂಡು ಹೋಗುವುದು. ಅಲ್ಲಿ ಕುದಿಯುವ ನೀರು ಹೊಯ್ದು ಮುಚ್ಚಿಟ್ಟರೆ ಊಟ ಸಿದ್ಧ. ಉಪಾಯ ಅವನದು, ಮೈಮುರಿಯುವ ಕೆಲಸ ನಮ್ಮದು. ಆಗ ನನಗದು ಹಾಗೆ ಕಂಡಿರಲಿಲ್ಲ. ನನಗೂ ಬೆಟ್ಟ ನೋಡುವ ಆಸೆ ಗಂಟಲಿನವರೆಗೆ ತುಂಬಿತ್ತು, ಅಪ್ಪ ಏನು ಹೇಳಿದರೂ ಮಾಡಲು ತಯಾರಿದ್ದೆ.

ಅತ್ತೆಯ ಮನೆಯಲ್ಲಿ ಅನ್ನವನ್ನು ಸ್ವಲ್ಪ ಗಟ್ಟಿಯಾಗಿ ಬೇಯಿಸಿ, ಗಂಜಿಯ ಅಂಟು ಹೋಗುವಂತೆ ತಣ್ಣೀರಿನಲ್ಲಿ ತೊಳೆದು, ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರವುತ್ತಿದ್ದೆವು. ಅಗುಳಿಗೆ ಅಗುಳು ಅಂಟಿದರೆ ಒಳಗೆ ಹಸಿ ಉಳಿಯುತ್ತದೆ, ಅದಕ್ಕಾಗಿ ಗಂಟೆಗೊಮ್ಮೆ ಹೋಗಿ ಬೆರಳಾಡಿಸಿ ಬಿಡಿಸಬೇಕು. ತೊಗರಿಬೇಳೆಯನ್ನು ಬೇಯಿಸಿ ಮಸೆದು ತಟ್ಟೆಗೆ ಸವರಿ ಒಣಗಿಸಿದರೆ ಹಪ್ಪಳದಂತೆ ಎದ್ದು ಬರುತ್ತಿತ್ತು, ಅದನ್ನು ಕೈಯಲ್ಲೇ ಪುಡಿ ಮಾಡುತ್ತಿದ್ದೆವು. ಹುರುಳಿಕಾಯಿ, ಕ್ಯಾರೆಟ್, ಉಪ್ಪು ಹಚ್ಚಿದ ಟೊಮೆಟೊ ಬಿಲ್ಲೆ, ಕರಿಬೇವು. ಒಣಗಿಸುವುದು ಸುಲಭ, ಇಡುವುದೇ ಕಷ್ಟ ಎಂದು ಅಮ್ಮ ಹೇಳುತ್ತಿದ್ದಳು, ಅದು ನಿಜ. ಒಣಗಿತು ಅಂದುಕೊಂಡದ್ದನ್ನು ಮೊದಲು ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಬಿಸಿಲಿಗಿಡಬೇಕು. ಗಾಜಿನ ಒಳಗೆ ಮಂಜು ಕಟ್ಟಿದರೆ ಮತ್ತೆ ಪಂಚೆಯ ಮೇಲೆ ಹರವಬೇಕು. ಕಟ್ಟದಿದ್ದರೆ ಮಾತ್ರ ತಗಡಿನ ಡಬ್ಬಕ್ಕೆ, ಅದೂ ಕಂಠದವರೆಗೆ, ಗಾಳಿಗೆ ಜಾಗವಿಲ್ಲದಂತೆ ತುಂಬಬೇಕು. ಅಪ್ಪ ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಕೊಡುತ್ತಿದ್ದ, ಅದನ್ನು ಮುಚ್ಚಳದ ಸುತ್ತ ಎಳೆದು ಹಾಕುತ್ತಿದ್ದೆವು. ಅವನ ವಿಭಾಗಕ್ಕೆ ಮೀಟರುಗಳು ಬರುವ ಪೆಟ್ಟಿಗೆಗಳಲ್ಲಿ ನೀಲಿ ಹರಳಿನ ಪುಟ್ಟ ಬಟ್ಟೆಚೀಲಗಳಿರುತ್ತಿದ್ದವು. ಡಬ್ಬಕ್ಕೊಂದು ಹಾಕಿಟ್ಟರೆ ಅವು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಹರಳನ್ನು ಹಳೇ ಕಾವಲಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿ. ಅದು ನನ್ನ ಕೆಲಸ, ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಮೊದಲ ವರ್ಷ ಡಬ್ಬಗಳನ್ನೆಲ್ಲ ಹಿತ್ತಲಿನ ಸ್ಕೂಟರ್ ಶೆಡ್ಡಿನಲ್ಲಿಟ್ಟಿದ್ದೆವು. ಮಳೆಗಾಲದಲ್ಲಿ ಶೀಟು ಸೋರಿ, ಅನ್ನದ ಡಬ್ಬದೊಳಗೆ ಹಸಿರು ಬೂಷ್ಟು ಬಂದು ಎಲ್ಲವೂ ತಿಪ್ಪೆಗೆ ಹೋಯಿತು. ನಮ್ಮ ಮನೆಯಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುತ್ತಿದ್ದ ಜಾಗ ಒಂದೇ, ಅಡುಗೆಮನೆಯಲ್ಲಿ ಒಲೆಯ ಮೇಲಿದ್ದ ಅಟ್ಟ. ಅದು ಅಜ್ಜಿಯ ಸಾಮ್ರಾಜ್ಯ. ಅವಳ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ, ಅವಳ ಹುಣಸೆಹಣ್ಣು, ಅವಳ ಅವಲಕ್ಕಿ. ಅಜ್ಜಿ ಎಂದರೆ ಅಪ್ಪನ ತಾಯಿ. ಗಂಡ ಹೋದ ಮೇಲೆ ಒಪ್ಪೊತ್ತು ಊಟ, ಸಂಜೆ ದೀಪ ಹಚ್ಚಿದ ಮೇಲೆ ಅವಲಕ್ಕಿಯ ಫಲಾರ, ಅಷ್ಟರಲ್ಲೇ ಬದುಕಿದವಳು. ಈರುಳ್ಳಿಯ ವಾಸನೆಯನ್ನು ಬೇಕಾದರೆ ಮೂಗು ಮುಚ್ಚಿಕೊಂಡು ಸಹಿಸುತ್ತಿದ್ದಳು. ಮುಸುರೆಯನ್ನು ಮಾತ್ರ ಸಹಿಸುತ್ತಿರಲಿಲ್ಲ. ಬೆಂದ ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನ ಮರಿಗೆಯನ್ನು ಮುಟ್ಟಿದರೆ ಉಪ್ಪೇ ಹೊರಗೆ. ಅಂಥವಳ ಅಟ್ಟದಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ, ತಿಂಗಳುಗಟ್ಟಲೆ ಹಿಂದೆ ಬೆಂದ ಅನ್ನವನ್ನಿಡುವುದು ಹೇಗೆ? ಅಪ್ಪನಿಗೆ ಅದೂ ಕಷ್ಟವಾಗಲಿಲ್ಲ. ಎರಡನೇ ವರ್ಷ ಅವನೇ ಏಣಿ ಹತ್ತಿ ಡಬ್ಬಗಳನ್ನು ಜೋಡಿಸುತ್ತಿದ್ದಾಗ ಅಜ್ಜಿ ಕೆಳಗೆ ನಿಂತು ಕೇಳಿದಳು.

"ಏನೋ ಅದು, ಅಷ್ಟೊಂದು ಡಬ್ಬ?"

"ದಪ್ಪ ಅವಲಕ್ಕಿ ಅಮ್ಮ. ಬೆಟ್ಟಕ್ಕೆ ಅಂತ."

ಮೆಂತ್ಯ ಎನ್ನಬಹುದಿತ್ತು. ಕಡಲೆಬೇಳೆ ಎನ್ನಬಹುದಿತ್ತು. ದಿನಾ ಸಂಜೆ ಅವಲಕ್ಕಿ ತಿಂದು ಬದುಕುವವಳ ಮುಂದೆ ಇವನು ಅವಲಕ್ಕಿ ಎಂದ. ಅಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಸುಮ್ಮನಿರಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತು ಸಂಜೆ ಹಿತ್ತಲಲ್ಲಿ ಸೈಕಲ್ ಟ್ಯೂಬು ಕತ್ತರಿಸುತ್ತಾ ಅಪ್ಪ ನನಗೆ ಮಾತು ಕೊಟ್ಟ.

"ಜಯು, ಈ ಮಳೆಗಾಲ ದಾಟಿಸಿಬಿಡು. ಒಂದು ಡಬ್ಬಾನೂ ಕೆಡದೇ ಇದ್ರೆ ಡಿಸೆಂಬರಲ್ಲಿ ನೀನೂ ನಮ್ಮ ಜೊತೆ ಬೆಟ್ಟಕ್ಕೆ. ಹುಡುಗಿ ಅಂತ ಬಿಟ್ಟು ಹೋಗಲ್ಲ. ಆಯ್ತಾ?"

ಆಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಆ ಮಾತನ್ನು ನಾನು ಹೇಗೆ ನಂಬಿದೆ ಎಂದು ಈಗ ಹೇಳಲು ಹೊರಟರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಜೂನ್ ತಿಂಗಳಿಂದ ನನಗೆ ಬೇರೆ ಯೋಚನೆಯಿರಲಿಲ್ಲ. ಶಾಲೆಯಿಂದ ಬಂದವಳೇ ಏಣಿ ಹತ್ತಿ, ಡಬ್ಬಗಳಿಗೆ ಕಿವಿಯಿಟ್ಟು ಅಲುಗಾಡಿಸುತ್ತಿದ್ದೆ. ಒಳ್ಳೆಯ ಅನ್ನ ಮರಳಿನ ಹಾಗೆ ಸದ್ದು ಮಾಡುತ್ತದೆ. ತೇವ ಎಳೆದುಕೊಂಡದ್ದು ಮಂಕಾಗಿ ಬಡಿಯುತ್ತದೆ. ಮಳೆ ಬಿಟ್ಟ ದಿನ ನೋಡಿಕೊಂಡೇ ಮುಚ್ಚಳ ತೆಗೆಯಬೇಕು, ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಬೇಕು ಎಂದು ಅಮ್ಮ ಹೇಳಿದ್ದಳು. ನಾನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದೆ. ಅಜ್ಜಿಗೆ ನನ್ನ ಈ ನಿಷ್ಠೆ ಕಂಡು ಹೆಮ್ಮೆ. ಬೆಳಿಗ್ಗೆ ನನಗೆ ತಲೆ ಬಾಚಿ ಎರಡು ಜಡೆ ಹಾಕುವಾಗ, ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು.

"ನಮ್ ಜಯು ಕೈಯಲ್ಲಿ ಸಾಮಾನು ಕೆಡಲ್ಲ ಮಾರಾಯ್ತಿ. ಅಟ್ಟನೇ ಅವಳಿಗೆ ಬಿಟ್ಟುಕೊಟ್ಟಿದೀನಿ."

ಮಳೆಗಾಲ ದಾಟಿತು. ಒಂದು ಡಬ್ಬವೂ ಕೆಡಲಿಲ್ಲ. ನವೆಂಬರಿನಲ್ಲಿ ಅಪ್ಪ ನನಗೆ ಕ್ಯಾನ್ವಾಸ್ ಬೂಟು ತಂದುಕೊಟ್ಟ. ಬೂಟು ಕಾಲಿಗೆ ಹೊಂದಿಕೊಳ್ಳಲಿ ಎಂದು ನಾನು ಮನೆಯೊಳಗೂ ಹಾಕಿಕೊಂಡು ತಿರುಗಿ ಬೈಸಿಕೊಳ್ಳುತ್ತಿದ್ದೆ. ಅನ್ನ, ಬೇಳೆಪುಡಿ, ತರಕಾರಿ, ಸಾರಿನಪುಡಿ, ಉಪ್ಪು ಅಳೆದು ಸೇರಿಸಿ ಒಬ್ಬೊಬ್ಬರ ಊಟಕ್ಕೊಂದರಂತೆ ಪೊಟ್ಟಣ ಕಟ್ಟಿದೆವು. ಮೇಣದ ಬತ್ತಿಯ ಉರಿಗೆ ಪ್ಲಾಸ್ಟಿಕ್ಕಿನ ಬಾಯಿ ತೋರಿಸಿ ಅಂಟಿಸುವುದನ್ನು ಅಪ್ಪನೇ ಕಲಿಸಿದ. ಕಟ್ಟಿ ಮುಗಿದ ಮೇಲೂ ಒಂದು ಡಬ್ಬ ಅನ್ನ ಉಳಿಯಿತು, ಅದನ್ನು ಅಟ್ಟದಲ್ಲೇ ಬಿಟ್ಟೆವು.

ಹೊರಡಲು ಇನ್ನೊಂದು ವಾರವಿತ್ತು. ಅವತ್ತು ಸಂಜೆ ಅಮ್ಮ ಪಕ್ಕದ ಬೀದಿಯ ಸೀಮಂತಕ್ಕೆ ಹೋಗಿದ್ದಳು. ಅಜ್ಜಿಯ ಅವಲಕ್ಕಿ ಮುಗಿದಿತ್ತು. ಬೇರೆಯವರ ಡಬ್ಬ ಎಂದು ಇಷ್ಟು ದಿನ ಮುಟ್ಟದಿದ್ದವಳು, ಮಗನ ದಪ್ಪ ಅವಲಕ್ಕಿಯೇ ಇದೆಯಲ್ಲ ಎಂದುಕೊಂಡು ಮುಸ್ಸಂಜೆಯ ಮಬ್ಬಿನಲ್ಲೇ ಅಟ್ಟದ ಡಬ್ಬ ಇಳಿಸಿದ್ದಾಳೆ. ಹಲ್ಲಿಲ್ಲದ ಬಾಯಿಗೆ ಮೆದುವಾಗಲಿ ಎಂದು ಬಿಸಿ ಹಾಲು ಹೊಯ್ದು, ಬೆಲ್ಲ ಹಾಕಿ, ತಟ್ಟೆ ಮುಚ್ಚಿ ಜಪಕ್ಕೆ ಕೂತಿದ್ದಾಳೆ. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಆಟ ಮುಗಿಸಿ ಒಳಗೆ ಬಂದಾಗ ಅಜ್ಜಿ ದೇವರ ದೀಪದ ಬೆಳಕಿನಲ್ಲಿ ಕೂತು ಉಣ್ಣುತ್ತಿದ್ದಳು. ಅಪ್ಪ ಪಡಸಾಲೆಯಲ್ಲಿ ರೇಡಿಯೋ ತಿರುಗಿಸುತ್ತಿದ್ದ. ಅಜ್ಜಿಯ ಬಾಯಿ ಒಂದು ಗಳಿಗೆ ನಿಂತಿತು. ಮತ್ತೆ ಒಂದು ತುತ್ತು ಬಾಯಿಗಿಟ್ಟು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಕರೆಂಟು ಬಂತು. ಬಟ್ಟಲು ತುಂಬಾ ಬೆಳ್ಳಗೆ ಅರಳಿದ ಅನ್ನ.

ಅಜ್ಜಿ ಬಟ್ಟಲನ್ನು ಕೆಳಗಿಟ್ಟು ಎದ್ದು ಬಚ್ಚಲಿಗೆ ಹೋದಳು. ಡಿಸೆಂಬರಿನ ಆ ಚಳಿಯಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಒದ್ದೆ ಸೀರೆಯಲ್ಲೇ ಬಂದು ಪಡಸಾಲೆಯಲ್ಲಿ ನಿಂತಳು. ಅಮ್ಮನೂ ಅಷ್ಟು ಹೊತ್ತಿಗೆ ಸೀಮಂತದ ಹೂವು, ಅರಿಶಿನ ಕುಂಕುಮ ಹಿಡಿದು ಬಂದಿದ್ದಳು.

"ಇಷ್ಟು ವರ್ಷ ಆಯ್ತು, ಸಂಜೆ ಮೇಲೆ ಅನ್ನ ಮುಟ್ಟಿರ್ಲಿಲ್ಲ. ಇವತ್ತು ತಂಗಳನ್ನ ತಿಂದೆ. ಅದನ್ನ ಡಬ್ಬದಲ್ಲಿಟ್ಟಿದ್ದು ಯಾರು?"

ನಾನು ಅಪ್ಪನನ್ನು ನೋಡಿದೆ. ಅವನು ಎದ್ದು ನಿಂತಿದ್ದ. ಹೇಳುತ್ತಾನೆ, ನಾಲ್ಕು ಬೈಗುಳ ತಿಂದು ಮುಗಿಸುತ್ತಾನೆ ಎಂದುಕೊಂಡೆ.

"ನಾನು ಅವಲಕ್ಕಿನೇ ತಂದಿಟ್ಟಿದ್ದಮ್ಮ. ಈ ಜಯು ಶಾರದನ ಮನೇಲಿ ಏನೇನೋ ಒಣಗಿಸ್ತಿದ್ಲು, ಆಟಕ್ಕೆ ಅಂದ್ಕೊಂಡೆ. ಡಬ್ಬ ಬದಲಾಯಿಸಿರ್ಬೇಕು. ಮಕ್ಕಳಿಗೆ ಏನ್ ಗೊತ್ತಾಗುತ್ತೆ, ಮುಸುರೆ ಗಿಸುರೆ."

"ಅಪ್ಪಾ" ಎಂದೆ. ಅಮ್ಮ ನನ್ನ ಭುಜ ಹಿಡಿದು ಒಳಗೆ ಎಳೆದುಕೊಂಡಳು. ದೊಡ್ಡವರ ಮುಂದೆ ಎದುರು ಮಾತಾಡಬೇಡ ಎಂದಳು. ಬೇಯಿಸಿದವಳು ಅವಳೇ. ನಿಜ ಹೊರಬಂದರೆ ಸೊಸೆಯ ತಲೆಗೆ ಬರುತ್ತಿತ್ತು, ಅದು ನನಗೀಗ ಅರ್ಥವಾಗುತ್ತದೆ. ಅಪ್ಪನದು ಈಗಲೂ ಅರ್ಥವಾಗುವುದಿಲ್ಲ. ಚಿರತೆಯ ಹೆಜ್ಜೆ ಕಂಡ ಜಾಗದಲ್ಲೇ ಡೇರೆ ಹಾಕಿ ಮಲಗಿದವನು ತಾನು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ.

ಮರುದಿನ ಅಟ್ಟ ಖಾಲಿಯಾಯಿತು. ಮುಸುರೆಯ ಪಕ್ಕದಲ್ಲಿದ್ದ ತಪ್ಪಿಗೆ ಆ ವರ್ಷದ ಅಪ್ಪೆಮಿಡಿಯ ಜಾಡಿಯನ್ನು ಅಜ್ಜಿ ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದಳು. ಕೇರಿಯವರೆಲ್ಲ ಬಂದು ನೋಡಿದರು, ನೋಡಿ ನನ್ನ ಕಡೆ ತಿರುಗಿದರು. ಪೊಟ್ಟಣಗಳ ಚೀಲವನ್ನು ಅಪ್ಪ ಸದ್ದಿಲ್ಲದೆ ಶೆಡ್ಡಿಗೆ ಸಾಗಿಸಿದ. ನಾನು ಅವನ ಹಿಂದೆಯೇ ಶೆಡ್ಡಿಗೆ ಹೋದೆ.

"ಯಾಕಪ್ಪ ನನ್ನ ಹೆಸರು ಹೇಳಿದೆ?"

"ಸ್ವಲ್ಪ ದಿನ ತಡ್ಕೊ ಕಣೇ. ಈಗ ನಿಜ ಹೇಳಿದ್ರೆ ಅಜ್ಜಿ ಊಟ ಬಿಡ್ತಾಳೆ. ಆಮೇಲೆ ಬೆಟ್ಟಾನೂ ಇಲ್ಲ, ಗಿಟ್ಟಾನೂ ಇಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ ನಿನ್ನ ಕರ್ಕೊಂಡು ಹೋಗೋದು ನನ್ನ ಜವಾಬ್ದಾರಿ. ಅಪ್ಪನ ಮೇಲೆ ನಂಬಿಕೆ ಇಲ್ವಾ?"

ಇದೆ ಎಂದೆ. ಬಾಯಿ ಮುಚ್ಚಿಕೊಂಡೆ. ಆ ದಿನಗಳಲ್ಲಿ ನಾನು ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ, ನನ್ನ ತಟ್ಟೆ ಪಡಸಾಲೆಗೆ ಬರುತ್ತಿತ್ತು. ಅಜ್ಜಿ ನನ್ನ ತಲೆ ಬಾಚುವುದನ್ನು ಬಿಟ್ಟಳು. ಬಾಚಣಿಗೆ ಹಿಡಿದು ಅವಳ ಮುಂದೆ ಕೂತರೆ "ನಿಮ್ಮಮ್ಮನ ಹತ್ರ ಹೋಗು" ಎನ್ನುತ್ತಿದ್ದಳು. ಭಾನುವಾರ ಶಾರದತ್ತೆ ಬಂದಳು. ಅಜ್ಜಿ ಅವಳನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ತಾರಸಿಯಲ್ಲಿ ಅನ್ನ ಒಣಗಿಸಿದ್ದು ಯಾರೇ ಎಂದು ಕೇಳಿದಳು. ಅತ್ತೆ ಒಂದು ಕ್ಷಣ ಅಣ್ಣನ ಮುಖ ನೋಡಿ ಹೇಳಿದಳು.

"ನಾನು ಸ್ಕೂಲು, ಪೇಪರ್ ತಿದ್ದೋದು ಅಂತ ಇರ್ತೀನಮ್ಮ. ತಾರಸಿ ಮೇಲೆ ಯಾರು ಏನ್ ಮಾಡ್ತಾರೆ ಅಂತ ನೋಡ್ಕೊಂಡ್ ಕೂರಕ್ಕಾಗುತ್ತಾ?"

ಆ ಅನ್ನಕ್ಕೆ ನೀರು ಅಳೆದು ಹೊಯ್ದವಳು ಅವಳೇ. ಕಾಗೆ ಬಾರದಂತೆ ಕೋಲು ಹಿಡಿದು ಕೂತವಳೂ ಅವಳೇ. ಕ್ಲಾಸಿನಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರು. ನಾನು ಅಳಲಿಲ್ಲ. ಇನ್ನೇನು ಬೆಟ್ಟಕ್ಕೆ ಹೋಗುತ್ತೇನಲ್ಲ, ಇದೆಲ್ಲ ಅದಕ್ಕಾಗಿ ತಾನೆ ಎಂದು ಹಲ್ಲು ಕಚ್ಚಿ ಕೂತೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ಅಜ್ಜಿ ಅಡುಗೆಮನೆಯಿಂದಲೇ ಹೇಳಿದಳು.

"ಅವಳನ್ನ ಕಾಡಿಗೆ ಗೀಡಿಗೆ ಕರ್ಕೊಂಡು ಹೋಗ್ಬೇಡ. ಮನೇಲಿ ಮಾಡಿದ್ದು ಸಾಕು."

"ಆಯ್ತಮ್ಮ," ಎಂದ ಅಪ್ಪ, ಸಾರು ಕಲಸಿಕೊಳ್ಳುತ್ತಾ.

ಅಷ್ಟೇ. ನಾನು ಪಡಸಾಲೆಯಲ್ಲಿ ತಟ್ಟೆಯ ಮುಂದೆ ಕೂತು ಕೇಳಿಸಿಕೊಂಡೆ. ಅಜ್ಜಿಯ ಮುಂದೆ ಹಾಗೆ ಅಂದಿದ್ದಾನೆ, ಬೆಳಿಗ್ಗೆ ನನ್ನನ್ನು ಕರೆಯುತ್ತಾನೆ ಎಂದು ಆಗಲೂ ನಂಬಿದ್ದೆ. ಮರುದಿನ ಸ್ನಾನ ಮುಗಿಸಿ, ಬೂಟಿನ ಲೇಸು ಕಟ್ಟಿಕೊಂಡು, ನನ್ನ ಚೀಲ ಪಕ್ಕಕ್ಕಿಟ್ಟುಕೊಂಡು ಜಗುಲಿಯ ಮೇಲೆ ಕೂತೆ. ಹೊರಗೆ ಬಾಡಿಗೆಯ ಜೀಪು ಬಂದು ನಿಂತಿತು. ಅಪ್ಪ ಶೆಡ್ಡಿನಿಂದ ಪೊಟ್ಟಣಗಳ ಚೀಲ ತಂದ. ನನ್ನ ಬೂಟನ್ನು ನೋಡಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ.

"ಪೊಟ್ಟಣಕ್ಕೆಲ್ಲ ಸರಿಯಾಗಿ ಅಂಟು ಬಿದ್ದಿದೆ ತಾನೆ? ಒಂದ್ಸಲ ನೋಡಿದ್ಯಾ?"

"ನೋಡಿದೀನಿ," ಎಂದೆ. ನೋಡಿದ್ದೆ ಕೂಡ. ಜೀಪು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ನಾನು ಜಗುಲಿಯಲ್ಲೇ ಕೂತಿದ್ದೆ. ಅಮ್ಮ ಬಂದು ಬೂಟು ಬಿಚ್ಚಿದಳು. ಅವಳು ಅಳುತ್ತಿದ್ದಳು, ನನಗೆ ಅವಳನ್ನು ಸಮಾಧಾನ ಮಾಡಬೇಕೆನ್ನಿಸಲಿಲ್ಲ.

ವಾರ ಕಳೆದು ಅಪ್ಪ ಗಡ್ಡ ಬಿಟ್ಟುಕೊಂಡು, ಬಿಸಿಲಿಗೆ ಕಪ್ಪಾಗಿ ಬಂದ. ಮರುದಿನ ಅವನ ಜೊತೆ ಬೆಟ್ಟಕ್ಕೆ ಹೋಗಿದ್ದ ಸೆಲ್ವಂ ಅಂಕಲ್ ಒಂದು ಬಿಸ್ಕೆಟ್ ಪ್ಯಾಕೆಟ್ ಹಿಡಿದುಕೊಂಡು ಮನೆಗೆ ಬಂದರು. ಅವರೂ ಕಾರ್ಖಾನೆಯವರೇ, ಕನ್ನಡವನ್ನು ತಮಿಳಿನ ರಾಗದಲ್ಲಿ ಮಾತಾಡುತ್ತಿದ್ದರು.

"ಏನ್ ಪಾಪಾ, ಜ್ವರ ಹೋಯ್ತಾ? ಪಾಪ, ಕಡೇ ದಿನ ಬಂತಂತಲ್ಲ. ನೀನ್ ಮಾಡಿದ್ ಸಾಪಾಟು, ಏನ್ ಹೇಳ್ಲಿ, ಬಿಸಿನೀರ್ ಹಾಕಿದ್ರೆ ಮನೆ ಸಾಂಬಾರ್ ಸಾದಂ. ನಿಮ್ಮಪ್ಪ ದಿನಾ ಹೇಳ್ತಿದ್ರು, ನನ್ ಮಗಳು ಇಟ್ಟಿದ್ದು ಅಂತ."

ನನಗೆ ಜ್ವರ ಬಂದಿರಲಿಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತಾ ಕಾಫಿ ಕುಡಿಯುತ್ತಿದ್ದ. ಅಜ್ಜಿಯ ಮುಂದೆ ತಪ್ಪಿಗೆ ನನ್ನ ಹೆಸರು, ಗೆಳೆಯರ ಮುಂದೆ ಹೆಮ್ಮೆಗೆ ನನ್ನ ಹೆಸರು. ನಾನು ಹೂಂ ಅಂಕಲ್, ಹೋಯ್ತು ಎಂದೆ. ಅವರು ಹೋದ ಮೇಲೆ ಅಪ್ಪ ನನ್ನ ತಲೆ ಸವರಲು ಬಂದ. ನಾನು ತಲೆ ತಪ್ಪಿಸಿಕೊಂಡೆ. ಮುಂದಿನ ಬೇಸಿಗೆಯಲ್ಲಿ ಅವನು ಮತ್ತೆ ಟ್ಯೂಬು ಕತ್ತರಿಸಿ ಬಳೆ ಮಾಡಿದ. ಈ ಸಲ ಖಂಡಿತ ಜಯು ಎಂದ. ನಾನು ಅವನ್ನು ಕೈಯಿಂದಲೂ ಮುಟ್ಟಲಿಲ್ಲ. ಅದಾದ ಮೇಲೆ ನಮ್ಮ ಮನೆಯಿಂದ ಯಾರೂ ಅನ್ನ ಒಣಗಿಸಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಲಿಲ್ಲ.

ಅಜ್ಜಿ ಕೆಲವು ದಿನಗಳಲ್ಲಿ ಮತ್ತೆ ತಲೆ ಬಾಚತೊಡಗಿದಳು. ಆದರೆ ಅಟ್ಟದ ಏಣಿಯನ್ನು ನಾನು ಮುಟ್ಟುವಂತಿರಲಿಲ್ಲ, ಜಯು ಕೈಯಲ್ಲಿ ಸಾಮಾನು ಕೆಡಲ್ಲ ಎಂಬ ಮಾತು ಮತ್ತೆ ಕೇಳಲಿಲ್ಲ. ವರ್ಷಗಳು ಹೋದವು. ನಾನು ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಕಾಲಕ್ಕೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ಮಡಿ, ಮುಸುರೆ ಎಲ್ಲ ತಾವಾಗಿಯೇ ಬಿಟ್ಟುಹೋಗಿದ್ದವು. ಬೇರೆ ಯಾರು ತಿನ್ನಿಸಿದರೂ ಬಾಯಿ ತೆರೆಯದವಳು ನಾನು ಕೂತರೆ ಗಂಜಿ ಕುಡಿಯುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಹಾಗೆ ಚಮಚದಿಂದ ಗಂಜಿ ಹಾಕುತ್ತಿದ್ದಾಗ, ಇವಳು ಹೋಗುವುದರೊಳಗೆ ನಿಜ ಹೇಳಿಬಿಡಬೇಕು, ನಾನು ಕೆಟ್ಟವಳು ಎಂದುಕೊಂಡೇ ಇವಳು ಸಾಯಬಾರದು ಎನ್ನಿಸಿತು. ಅವತ್ತಿನ ಡಬ್ಬ ಬದಲಾಯಿಸಿದವಳು ನಾನಲ್ಲ, ಅವಲಕ್ಕಿ ಎಂದು ಸುಳ್ಳು ಹೇಳಿದವನು ಅಪ್ಪ ಎಂದೆ. ಅಜ್ಜಿ ಗಂಜಿ ನುಂಗಿದಳು.

"ಗೊತ್ತು ಕಣೇ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಹೆತ್ತೋಳಿಗೆ ಗೊತ್ತಾಗಲ್ವಾ, ಮಗ ಸುಳ್ಳು ಹೇಳೋದು? ಸೊಸೆ ಎದುರಿಗೆ ಅವನ ಮಾನ ಹೇಗೆ ತೆಗೀಲಿ? ನೀನು ಹೆಣ್ಣು ಹುಡುಗಿ, ಚಿಕ್ಕೋಳು, ಮರ್ತುಬಿಡ್ತೀಯ ಅಂದ್ಕೊಂಡೆ."

"ಮತ್ತೆ ಬೆಟ್ಟಕ್ಕೆ ಕರ್ಕೊಂಡು ಹೋಗ್ಬೇಡ ಅಂದಿದ್ದು?"

"ಹೋಗಿದ್ರೆ ಅಲ್ಲಿ ಅವನ ಸ್ನೇಹಿತರ ಮುಂದೆ ಎಲ್ಲ ಹೇಳ್ತಿದ್ದೆ ನೀನು," ಎಂದು ಅಜ್ಜಿ ಮುಂದಿನ ಚಮಚಕ್ಕೆ ಬಾಯಿ ತೆರೆದಳು.

ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿಯಿತ್ತು. ನಾನು ಎದ್ದೆ. ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ. ಪೇಪರಿನ ಮೇಲೆಯೇ ಬಟ್ಟಲನ್ನು ಇಟ್ಟೆ.

"ನಿನ್ನ ಅಮ್ಮಂಗೆ ನೀನೇ ತಿನ್ಸು."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ, ಅಷ್ಟೂ ಹೊತ್ತು ತೆರೆದೇ ಇದ್ದ ಅಜ್ಜಿಯ ಕೋಣೆಯ ಬಾಗಿಲ ಕಡೆ ನೋಡಿದ. ಆಮೇಲೆ ಬಟ್ಟಲು ತೆಗೆದುಕೊಂಡು ಎದ್ದ. ಯಾಕೆ ಎಂದು ಕೇಳಲಿಲ್ಲ.